ತುಪ್ಪಳದಲ್ಲಿ ಬಿದ್ದ ತಗ್ಗು

ಯಾರಾದರೂ "ನನಗೊಂದು ವಿಚಿತ್ರ ಅನುಭವ ಆಗಿತ್ತು" ಎಂದು ಶುರುಮಾಡಿದರೆ ಎದ್ದು ಹೋಗುವವನು ನಾನು. ಎದ್ದು ಹೋಗಲಾಗದ ಕಡೆ ಪ್ರಶ್ನೆ ಕೇಳಿ ಹೇಳುವವರ ಹುಮ್ಮಸ್ಸು ಇಳಿಸುತ್ತಿದ್ದೆ. ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ ನೋಡಿದಿರಿ, ಜ್ವರ ಗಿರ ಇತ್ತೇ, ಬೇರೆ ಯಾರು ನೋಡಿದರು. ಸಾಮಾನ್ಯವಾಗಿ ಮೂರನೆಯ ಪ್ರಶ್ನೆಗೇ ಕಥೆ ಕುಂಟತೊಡಗುತ್ತಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಒಂದು ಕಾಲೇಜಿನಲ್ಲಿ ನೆಲೆ ನಿಲ್ಲದೆ ಇನ್ನೊಂದಕ್ಕೆ, ಅಲ್ಲೂ ಜಗಳವಾಡಿ ಮತ್ತೊಂದಕ್ಕೆ ಹೋಗಿ, ಈಗ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮಹಡಿಯ ಮೇಲೆ ಪಿಯು ಹುಡುಗರಿಗೆ ಟ್ಯೂಷನ್ ಹೇಳುತ್ತಿದ್ದೇನೆ. ರಜೆಗಳಲ್ಲಿ ಗೆಳೆಯರ ಜತೆ ಹಳ್ಳಿಗಳಿಗೆ ಹೋಗಿ, ತೆಂಗಿನಕಾಯಿಯೊಳಗಿಂದ ಬೆಂಕಿ ಬರಿಸುವುದು ಹೇಗೆ, ಉರಿಯುವ ಕರ್ಪೂರ ನುಂಗುವುದು ಹೇಗೆ ಎಂದು ಜನರ ಮುಂದೆ ಮಾಡಿ ತೋರಿಸಿದ್ದೇನೆ. ಇಷ್ಟೆಲ್ಲ ಹೇಳಿಕೊಳ್ಳುತ್ತಿರುವುದಕ್ಕೆ ಕಾರಣ ಒಂದೇ. ಮುಂದೆ ಬರೆಯುವ ಸಂಗತಿಯಿಂದ ನನಗೆ ಹೆದರಿಕೆಯಾಗಿಲ್ಲ, ಭಕ್ತಿಯೂ ಬಂದಿಲ್ಲ, ಕಿರಿಕಿರಿಯಾಗಿದೆ. ಆ ಕಿರಿಕಿರಿ ಎಂಥದೆಂದು ಓದುವವರಿಗೆ ತಿಳಿಯಲಿ ಎಂದಷ್ಟೇ.

ನಮ್ಮ ಮನೆಯಲ್ಲಿ ಒಂದು ರಜಾಯಿ ಇತ್ತು. ನಮ್ಮಪ್ಪ ಹರಿಹರದಲ್ಲಿ ಕಾರು ಓಡಿಸುತ್ತಿದ್ದರು. ಅಲ್ಲಿನ ಒಂದು ಕಾರ್ಖಾನೆಗೆ ಯಂತ್ರ ಕೂಡಿಸಿಕೊಡಲು ನಾರ್ವೆ ದೇಶದಿಂದ ಒಬ್ಬ ಎಂಜಿನಿಯರ್ ಬಂದಿದ್ದನಂತೆ. ಅಪ್ಪ ಅವನ ಡ್ರೈವರ್. ಕೆಲಸ ಮುಗಿಸಿ ವಾಪಸು ಹೋಗುವಾಗ ಅವನು ತನ್ನ ಸಾಮಾನಿನಲ್ಲಿದ್ದ ಹೊದಿಕೆಯೊಂದನ್ನು ಅಪ್ಪನಿಗೆ ಕೊಟ್ಟು ಹೋದ. ಹರಿಹರದ ಸೆಖೆಗೆ ಅದನ್ನು ಯಾಕೆ ಹೊತ್ತು ತಂದಿದ್ದನೋ ಯಾರಿಗೂ ತಿಳಿಯಲಿಲ್ಲ. ನೋಡಲು ದಪ್ಪ, ಎತ್ತಿದರೆ ಕೈಯಲ್ಲಿ ಏನೂ ಇಲ್ಲ ಅನ್ನಿಸುವಷ್ಟು ಹಗುರ. ಒಳಗೆ ತುಂಬಿದ್ದು ಉತ್ತರದ ಸಮುದ್ರದ ಒಂದು ಬಾತಿನ ಎದೆಯ ತುಪ್ಪಳ. ಈಡರ್ ಎಂಬ ಬಾತು.

ಹಕ್ಕಿಯ ತುಪ್ಪಳ ಎಂದು ಕೇಳಿದ್ದೇ ಅವ್ವ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾವು ಮಾಂಸ ಮುಟ್ಟದ ಜನ. ಕೊಂದ ಪ್ರಾಣಿಯ ಮೈ ಮೇಲಿನದನ್ನು ಹೊದ್ದು ಮಲಗುವುದೇ ಎಂದು ಬಾಗಿಲಲ್ಲೇ ತಡೆದಳಂತೆ. ಅಪ್ಪ ತನಗೆ ಎಂಜಿನಿಯರ್ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದನ್ನು ಅವಳಿಗೆ ಹೇಳಿದರು. ಆ ಹೆಣ್ಣು ಬಾತು ಮೊಟ್ಟೆ ಇಡುವ ಕಾಲಕ್ಕೆ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಮೇವಿಗೆ ಹೋಗುವಾಗ ಮೊಟ್ಟೆಗಳ ಮೇಲೆ ಅದನ್ನೇ ಎಳೆದು ಮುಚ್ಚಿ ಹೋಗುತ್ತದೆ. ಮರಿಗಳು ಎದ್ದು ನೀರಿಗಿಳಿದು ಹೋದ ಮೇಲೆ ಅಲ್ಲಿನ ಜನ ಖಾಲಿ ಗೂಡಿನಿಂದ ತುಪ್ಪಳ ಆರಿಸಿಕೊಳ್ಳುತ್ತಾರೆ. ಬಾತುಗಳು ಬಂದು ಕೂರಲಿ ಎಂದು ಕಲ್ಲು ಹಲಗೆಯ ಪುಟ್ಟ ಮನೆಗಳನ್ನೂ ಕಟ್ಟಿಕೊಡುತ್ತಾರೆ. ಕೊಲ್ಲುವುದಿಲ್ಲ. ಅವ್ವ ಒಪ್ಪಿದಳು, ಆದರೆ ಹೊದೆಯಲಿಲ್ಲ. ಅದು ಪೆಟ್ಟಿಗೆ ಸೇರಿತು. ದೊಡ್ಡವನಾದ ಮೇಲೆ ನಾನು ಹುಡುಕಿ ಓದಿದೆ. ಅಪ್ಪ ಹೇಳಿದ್ದು ಬಹುಪಾಲು ಸರಿಯಾಗಿಯೇ ಇತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಹರಿಹರದಲ್ಲೇ ನನ್ನ ಅಕ್ಕ ಗಿರಿಜಳ ಮನೆಯಲ್ಲಿದ್ದಳು. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಭಾವನದು ಮಂಡಕ್ಕಿ ವ್ಯಾಪಾರ. ಕೊನೆಯ ವರ್ಷ ಅವ್ವನ ಕೈಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಬೇಸಿಗೆಯಲ್ಲೂ ಪಾದ ತಣ್ಣಗೆ. ರಗ್ಗು ಹೊದಿಸಿದರೆ ಭಾರ, ಕೌದಿ ಹೊದಿಸಿದರೆ ಎದೆ ಒತ್ತುತ್ತದೆ ಎಂದು ಒದ್ದು ಎಸೆಯುತ್ತಿದ್ದಳು. ಆಗ ಅಕ್ಕನಿಗೆ ಆ ರಜಾಯಿ ನೆನಪಾಯಿತು. ಅದನ್ನು ಹೊದಿಸಿದ ಮೇಲೆ ಅವ್ವ ಅದರೊಳಗೆ ಮುದುರಿ, ಮಂಡಿ ಎದೆಗೆ ತಂದುಕೊಂಡು, ತಲೆ ಮಾತ್ರ ಹೊರಗಿಟ್ಟು ನಿದ್ದೆ ಮಾಡುತ್ತಿದ್ದಳು. ಹಾಗೆಯೇ ಹೋದಳು.

ನಮ್ಮ ಕಡೆ ತೀರಿಕೊಂಡವರ ಹಾಸಿಗೆ ಹೊದಿಕೆಯನ್ನು ಹೊಳೆಗೆ ಬಿಡುವ ರೂಢಿ ಇದೆ. ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ನಿಂತರೆ ಕಲ್ಲಿಗೆ ಸಿಕ್ಕಿಕೊಂಡ ಗಾದಿ, ದಿಂಬು ಯಾವಾಗಲೂ ಕಾಣುತ್ತವೆ. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಮಣ್ಣು ಮುಗಿಸಿ ಬಂದ ಮೇಲೆ ಕಡರನಾಯಕನಹಳ್ಳಿಯ ಚಿಗವ್ವ ರಜಾಯಿಯನ್ನು ಸುತ್ತಿ ಹೊರಗಿಟ್ಟಳು. ನಾನು ಅದನ್ನು ಒಳಗೆ ತಂದಿಟ್ಟೆ.

"ಹೋದೋರ ಹೊದಿಕಿ ಮನ್ಯಾಗ ಇಟ್ಕಂಬಾರ್ದಪ್ಪ. ಅದ್ರಾಗ ಅವ್ರ ಕಾವು ಇರ್ತೈತೆ" ಎಂದಳು ಚಿಗವ್ವ.

ಕಾವು ಎಲ್ಲಿಯೂ ಕೂತಿರುವುದಿಲ್ಲ, ಬಿಸಿಯಿಂದ ತಣ್ಣನೆಯ ಕಡೆಗೆ ಹರಿದುಹೋಗುತ್ತದೆ ಎಂದು ನಾನು ಸಾವಿನ ಮನೆಯಲ್ಲಿ ಪಾಠ ಹೇಳಿದೆ. ರಜಾಯಿ ಮತ್ತೆ ಪೆಟ್ಟಿಗೆ ಸೇರಿತು.

ಅಲ್ಲಿಂದ ಅಕ್ಕನಿಗೆ ನಿದ್ದೆ ತಪ್ಪಿತು. ಮೊದಲು ದುಃಖ ಇರಬೇಕು ಅಂದುಕೊಂಡೆವು. ತಿಂಗಳುಗಳು ಕಳೆದರೂ ಸರಿಹೋಗಲಿಲ್ಲ. ಕಣ್ಣ ಕೆಳಗೆ ಕಪ್ಪಾಯಿತು. ಒಬ್ಬರ ಅಳತೆಗೆ ಇನ್ನೊಬ್ಬರ ಬ್ಲೌಸ್ ಕತ್ತರಿಸಿದಳು. ಹೊಲಿಯುವ ಸೂಜಿ ಬೆರಳಿಗೇ ಇಳಿಯಿತು. ದಾವಣಗೆರೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಮಾತ್ರೆ ನುಂಗಿದರೆ ಹಗಲೆಲ್ಲ ಮಂಪರು, ರಾತ್ರಿ ಮತ್ತೆ ಎಚ್ಚರ. ಕೊನೆಗೆ ಒಂದು ದಿನ ನನ್ನ ಮುಂದೆ ಬಾಯಿಬಿಟ್ಟಳು.

"ಪೆಟ್ಟಿಗಿ ಮುಚ್ಚಳ ತೆಗೆದು ಕೈ ಇಟ್ಟು ನೋಡು. ಬೆಚ್ಚಗೈತೆ. ಅವ್ವ ಈಗಿನ್ನ ಎದ್ದು ಬಚ್ಚಲಿಗೆ ಹೋಗ್ಯಾಳ ಅನ್ನಬೇಕು, ಹಂಗೈತೆ."

ನಾನು ಕೈ ಇಟ್ಟೆ. ಬೆಚ್ಚಗಿತ್ತು. ಇರಲೇಬೇಕು. ಆ ತುಪ್ಪಳದ ಗುಣವೇ ಅದು. ನಮ್ಮ ಕೈಯ ಬಿಸಿಯನ್ನು ಹೊರಗೆ ಹೋಗಲು ಬಿಡದೆ ನಮಗೇ ಹಿಂತಿರುಗಿಸುತ್ತದೆ. ಅದನ್ನು ಬಿಡಿಸಿ ಹೇಳಿದೆ.

"ಆ ಪಾಠ ನಿನ್ನ ಹುಡುಗ್ರಿಗೆ ಹೇಳು. ನನಗ ನಿದ್ದಿ ಬರೋ ಹಂಗ ಮಾಡು" ಎಂದಳು.

ಭಾವ ಒಳ್ಳೆಯವನು, ಆದರೆ ನಾಲಿಗೆ ಸುಮ್ಮನಿರುವುದಿಲ್ಲ. "ಏನ್ ಮೇಷ್ಟ್ರೆ, ನಮ್ಮತ್ತಿ ಇರೋತನಕ ನನ್ನ ಕಾಡಿದ್ಲು, ಈಗ ಮಗಳ ಪಾಳಿ ಹಚ್ಯಾಳ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅಕ್ಕ ನಗುತ್ತಿರಲಿಲ್ಲ. ತನಗೆ ತಲೆ ಕೆಡುತ್ತಿದೆಯೇ ಎಂದು ಅವಳಿಗೇ ಅನುಮಾನ ಬಂದಿತ್ತು. ಅದು ನನ್ನನ್ನು ಹೆದರಿಸಿತು.

ಹೊಳೆಗೆ ಬಿಡಲು ನಾನು ಒಪ್ಪುವವನಲ್ಲ, ಪೆಟ್ಟಿಗೆಯಲ್ಲಿಡಲು ಅವಳಿಗಾಗದು. ಒಂದು ನಡುದಾರಿ ಹುಡುಕಿದೆ. ನಮ್ಮಲ್ಲಿ ಗಾದಿ ಹಳತಾದರೆ ಪಿಂಜಾರರ ಹತ್ತಿರ ಒಯ್ದು ಅರಳೆ ಹಿಂಜಿಸಿ ಹೊಸ ಬಟ್ಟೆಗೆ ತುಂಬಿಸುತ್ತೇವೆ. ಹಿಂಜಿಸಿ ತಂದದ್ದನ್ನು ಯಾರೂ ಹಳೆಯ ಗಾದಿ ಎನ್ನುವುದಿಲ್ಲ. ಮೈಲಿಗೆ, ಬೆವರು, ಕಾಯಿಲೆ ಎಲ್ಲ ಆ ಧೂಳಿನ ಜತೆ ಹೋಯಿತು ಎಂದು ಲೆಕ್ಕ. ಅಕ್ಕನೂ ಹಾಗೆ ನಂಬುವವಳೇ. ಹಿಂಜಿಸೋಣ ಎಂದೆ. ಅವಳ ಮುಖ ಸ್ವಲ್ಪ ತಿಳಿಯಾಯಿತು. ಬಾತಿನ ತುಪ್ಪಳವನ್ನು ಅರಳೆಯ ಯಂತ್ರಕ್ಕೆ ಹಾಕಲು ಹೊರಟಿದ್ದೇವೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಎಂ.ಎಸ್ಸಿ. ಓದಿದವನಿಗೂ.

ಹರಿಹರದಲ್ಲಾದರೆ ಗುರುತಿನವರು ಪ್ರಶ್ನೆ ಕೇಳುತ್ತಾರೆಂದು ದಾವಣಗೆರೆಯ ಅಂಚಿಗೆ, ಆವರಗೆರೆಯ ರಸ್ತೆಬದಿಯ ಒಂದು ಶೆಡ್ಡಿಗೆ ಹೋದೆವು. ಅಕ್ಕ ರಜಾಯಿಯನ್ನು ಸೀರೆಯಲ್ಲಿ ಗಂಟು ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಊಟದ ಹೊತ್ತು ಕಳೆದ ಬಿಸಿಲು. ಶೆಡ್ಡಿನ ಯಜಮಾನ ಮೌಲಾಸಾಬ್ ಎಂಬಾತ, ನಡುವಯಸ್ಸಿನ ಮನುಷ್ಯ, ಮೀಸೆ ಹುಬ್ಬಿಗೆಲ್ಲ ಅರಳೆ ಅಂಟಿ ಬೆಳ್ಳಗೆ ಕಾಣುತ್ತಿದ್ದ. ಹೊಲಿಗೆ ಬಿಚ್ಚಿ ಒಂದು ಹಿಡಿ ಹೊರಗೆ ತೆಗೆದ. ಕಂದು ಬೂದು ಬಣ್ಣ, ಹೊಗೆಯನ್ನು ಹಿಡಿದಂತೆ ಇತ್ತು.

"ಇದು ಅರಳೆ ಅಲ್ರಿ ಸಾರ್. ಮಷಿನ್‌ಗೆ ಹಾಕಿದ್ರೆ ಆವರಗೆರಿ ತುಂಬಾ ಹಾರ್ತೈತೆ" ಎಂದ.

ಹಾರುವುದಿಲ್ಲ, ಹಾಕಿ ನೋಡಿ ಎಂದೆ. ಹಾರಲಿಲ್ಲ. ಬದಲಿಗೆ ಒಂದಕ್ಕೊಂದು ಕಚ್ಚಿಕೊಂಡು ಯಂತ್ರದ ಮೊಳೆಗಳಿಗೆ ಸುತ್ತಿ ಕೂತಿತು. ಅವನು ಯಂತ್ರ ನಿಲ್ಲಿಸಿ, ಕಡ್ಡಿಯಿಂದ ಗೀರಿ ಗೀರಿ ಬಿಡಿಸಿದ. ನನ್ನನ್ನು ಒಮ್ಮೆ ನೋಡಿದ, ಬೈಯಲಿಲ್ಲ. ಬೆತ್ತದಿಂದ ಮೆಲ್ಲಗೆ ಬಡಿದು ಧೂಳು ತೆಗೆದು ಕೊಡುತ್ತೇನೆ ಎಂದ. ನೆಲಕ್ಕೆ ಒಂದು ಬಿಳಿ ಚಾದರ ಹಾಸಿ, ಫ್ಯಾನು ಆರಿಸಿ, ತುಪ್ಪಳವನ್ನೆಲ್ಲ ಅದರ ಮೇಲೆ ಸುರಿದುಕೊಂಡು ಬಡಿದ. ಹಳೆಯ ಧೂಳು ಎದ್ದು ಅಕ್ಕನಿಗೆ ಕೆಮ್ಮು ಹತ್ತಿತು. ಧೂಳು ಇಳಿಯಲಿ, ಅಷ್ಟರಲ್ಲಿ ಟೀ ಕುಡಿದು ಬರೋಣ ಎಂದು ಅವನೇ ಹೇಳಿದ. ಹೊರಡುವ ಮುಂಚೆ ಎರಡೂ ಕೈಯಿಂದ ತುಪ್ಪಳವನ್ನು ಒಟ್ಟುಮಾಡಿ ಗುಡ್ಡೆ ಮಾಡಿದ. ರಸ್ತೆಯ ಆಡುಗಳು ನುಗ್ಗುತ್ತವೆಂದು ಶಟರ್ ಎಳೆದು ಬೀಗ ಹಾಕಿದ. ಶಟರ್ ಎಳೆದ ಸದ್ದು ನನಗೆ ನೆನಪಿದೆ. ನೆನಪಿದೆ ಎಂದೇ ಬರೆಯುತ್ತೇನೆ.

ಎದುರಿನ ಅಂಗಡಿಯಲ್ಲಿ ಟೀ ಕುಡಿದೆವು. ಶೆಡ್ಡು ನಮ್ಮ ಕಣ್ಣ ಮುಂದೆಯೇ ಇತ್ತು. ವಾಪಸು ಬಂದು ಅವನು ಶಟರ್ ಎತ್ತಿದಾಗ ಬಿಸಿಲು ಒಳಗೆ ಬಿತ್ತು. ಗುಡ್ಡೆ ಇರಲಿಲ್ಲ. ಅಂದರೆ ತುಪ್ಪಳ ಅಲ್ಲೇ ಇತ್ತು, ಚಾದರದ ಹೊರಗೆ ಒಂದು ಎಳೆಯೂ ಬಿದ್ದಿರಲಿಲ್ಲ. ಆದರೆ ನಡುವೆ ಒಂದು ತಗ್ಗು ಬಿದ್ದಿತ್ತು. ದುಂಡಗೆ, ಬುಟ್ಟಿಯಷ್ಟು ಅಗಲ, ಸುತ್ತ ಅಂಚು ದಪ್ಪಗೆ ಎದ್ದಿತ್ತು. ಯಾವುದೋ ಜೀವ ಕೂತು, ಸುತ್ತ ತಿರುಗಿ ತಿರುಗಿ ಜಾಗ ಸರಿಮಾಡಿಕೊಂಡು, ಎದ್ದು ಹೋದ ಹಾಗೆ.

ಬೆಕ್ಕು ಎಂದುಕೊಂಡೆ. ಅರಳೆ ಮೂಟೆಗಳ ಹಿಂದೆ, ಯಂತ್ರದ ಅಡಿ ಬಗ್ಗಿ ನೋಡಿದೆ. ಮೇಲಿನ ಗಾಳಿಕಿಂಡಿಗೆ ಜಾಲರಿ ಇತ್ತು. ಬೆಕ್ಕು ಕೂತು ಎದ್ದಿದ್ದರೆ ಆ ಅಂಟಿಕೊಳ್ಳುವ ತುಪ್ಪಳ ಅದರ ಕಾಲಿಗೆ ಹತ್ತಿ ನೆಲದ ತುಂಬ ಹರಡಿರಬೇಕಿತ್ತು. ನಾನು ಹುಡುಕುತ್ತಿದ್ದಂತೆ ಅಕ್ಕ ಮಂಡಿಯೂರಿ ತಗ್ಗಿನೊಳಗೆ ಅಂಗೈ ಇಟ್ಟಳು.

"ತಮ್ಮಾ, ಬಾ ಇಲ್ಲಿ. ಕೈ ಇಡು."

ಅವಳು ಕೈ ಇಟ್ಟ ಜಾಗ ಬಿಟ್ಟು, ಇನ್ನೊಂದು ಬದಿಗೆ ಇಟ್ಟೆ. ಇಟ್ಟ ಕೂಡಲೇ ತೆಗೆದೆ, ನನ್ನ ಕೈಯ ಬಿಸಿ ಸೇರಬಾರದೆಂದು. ಬಲಗೈಯ ಹಿಂಭಾಗದಿಂದ ಅಂಚನ್ನು ಮುಟ್ಟಿದೆ, ಸಾಮಾನ್ಯವಾಗಿತ್ತು. ತಗ್ಗಿನ ತಳ ಮುಟ್ಟಿದೆ. ಮಲಗಿದ್ದವರು ಎದ್ದ ಹಾಸಿಗೆಯ ಬಿಸಿ. ಬಿಸಿಲಿಗೆ ಕಾದ ಬಿಸಿ ಬೇರೆ, ಮೈಯ ಬಿಸಿ ಬೇರೆ. ಇದನ್ನು ಯಾವ ಪುಸ್ತಕದ ಆಧಾರದಿಂದಲೂ ಹೇಳಲಾರೆ, ಆದರೆ ಎಲ್ಲರಿಗೂ ಗೊತ್ತಿರುವ ವ್ಯತ್ಯಾಸ ಅದು. ಮೌಲಾಸಾಬ್ ಹತ್ತಿರ ಬರಲಿಲ್ಲ. ಬೆತ್ತ ಹಿಡಿದು ನಿಂತಲ್ಲಿಂದಲೇ, "ಬೆಕ್ಕು ಇರ್ಬೇಕು ತಗಳ್ರಿ" ಎಂದ. ಮಾತು ಇಲ್ಲಿಗೆ ಮುಗಿಸೋಣ ಎಂಬ ಧಾಟಿಯಲ್ಲಿ.

ನಾನು ಮೊಬೈಲ್ ತೆಗೆದು ಫೋಟೊ ಹೊಡೆದೆ. ಅಕ್ಕ ಆ ತಗ್ಗನ್ನೇ ನೋಡುತ್ತಾ, "ಎದ್ದೇನವ್ವಾ?" ಎಂದಳು. ಬೆಳಿಗ್ಗೆ ಎದ್ದವರನ್ನು ಮಾತಾಡಿಸುವ ಹಾಗೆ. ಆಮೇಲೆ ಎರಡೂ ಕೈಯಿಂದ ಅಂಚನ್ನು ಒಳಕ್ಕೆ ಎಳೆದು ತಗ್ಗು ಮುಚ್ಚಿದಳು. ಬೇಡ ಅನ್ನುವಷ್ಟರಲ್ಲಿ ಮುಚ್ಚಿಬಿಟ್ಟಿದ್ದಳು.

ಅಂದು ಸಂಜೆಯೇ ಹೊಸ ಬಟ್ಟೆಯಲ್ಲಿ ರಜಾಯಿ ಮನೆಗೆ ಹೋಯಿತು. ಅಕ್ಕ ನಿದ್ದೆ ಮಾಡಿದಳು. ಮರುದಿನ ಭಾವ ಫೋನ್ ಮಾಡಿ, ನಿಮ್ಮಕ್ಕ ಇನ್ನೂ ಎದ್ದಿಲ್ಲ, ಚಹಾ ನಾನೇ ಕಾಸಿಕೊಂಡೆ ಎಂದು ದೂರು ಹೇಳಿದ. ಅಂದಿನಿಂದ ಅವಳಿಗೆ ನಿದ್ದೆಯ ತೊಂದರೆ ಇಲ್ಲ. ಆ ರಜಾಯಿಯನ್ನು ಚಳಿಗಾಲದಲ್ಲಿ ಅವಳೇ ಹೊದೆಯುತ್ತಾಳೆ. ಅವಳ ಪಾಲಿಗೆ ವಿಷಯ ಮುಗಿಯಿತು. ನನ್ನ ನಿದ್ದೆ ಕೆಟ್ಟಿತು.

ಫೋಟೊ ನೋಡಿದೆ. ಬರೀ ಕಂದು. ಒಂದೇ ಬಣ್ಣದ ವಸ್ತು, ತಗ್ಗು ಯಾವುದು ಉಬ್ಬು ಯಾವುದು ಏನೂ ಗೊತ್ತಾಗುವುದಿಲ್ಲ. ಹಳ್ಳಿಗಳಿಗೆ ಜತೆ ಬರುವ ಗೆಳೆಯನಿಗೆ ತೋರಿಸಿ ಏನು ಕಾಣುತ್ತದೆ ಎಂದೆ. "ಕಂಬಳಿನಾ?" ಎಂದ. ಅವನಿಗೆ ಪೂರ್ತಿ ಹೇಳಿದಾಗ, ಬೆಳಕು ಎಷ್ಟಿತ್ತು, ಎಷ್ಟು ಹೊತ್ತು ಹೊರಗಿದ್ರಿ, ಶಟರ್ ಮೇಲೆ ಕಣ್ಣು ಇಟ್ಟೇ ಇದ್ಯಾ, ಎಂದು ನನ್ನದೇ ಪ್ರಶ್ನೆಗಳನ್ನು ನನಗೆ ಕೇಳಿದ. ಮೂರನೆಯದಕ್ಕೆ ನಾನೂ ಕುಂಟಿದೆ.

ಕಾರಣಗಳನ್ನು ಹುಡುಕಿದೆ. ಒತ್ತಿದ ತುಪ್ಪಳ ಮೆಲ್ಲಗೆ ಅರಳುತ್ತದೆ. ಅಂಚು ಬೇಗ ಅರಳಿ ನಡು ಹಿಂದೆ ಉಳಿದರೆ ತಗ್ಗು ಕಾಣಬಹುದು. ತಗಡಿನ ಮಾಡು ಕಾದಿತ್ತು. ಬಿಸಿ ಅಲ್ಲಿಂದ ಬಂದಿರಬಹುದು. ಆದರೆ ಅಂಚು ಯಾಕೆ ಬಿಸಿ ಇರಲಿಲ್ಲ? ಅಕ್ಕನ ಅಂಗೈ ಇಡೀ ತಳವನ್ನು ಬಿಸಿ ಮಾಡಿತೇ? ಅಷ್ಟು ಬೇಗ? ರಜಾಯಿ ಬಿಚ್ಚಿ ಇನ್ನೊಮ್ಮೆ ಗುಡ್ಡೆ ಮಾಡಿ ನೋಡೋಣ ಎಂದು ಅಕ್ಕನನ್ನು ಕೇಳಿದೆ. "ಹೊಲಿಗಿ ಮುಟ್ಟಿದ್ರೆ ನೋಡು, ಕತ್ರಿ ನನ್ನ ಕೈಯಾಗೇ ಐತೆ" ಎಂದಳು.

ಮೌಲಾಸಾಬ್ ಹತ್ತಿರ ಮತ್ತೆ ಹೋದೆ. ಮೊದಲ ಸಲ ಅವನು ಬೆಕ್ಕು ಎಂದೇ ಸಾಧಿಸಿದ. ಇನ್ನೊಂದು ಸಲ ಹೋದಾಗ ತಗ್ಗು ಇರಲೇ ಇಲ್ಲ, ತಾನೇ ಹಾಗೆ ಹರವಿಟ್ಟು ಬಂದಿದ್ದೆ ಎಂದ. ಹಾಗಾದರೆ ಬೆಕ್ಕು ಅಂದದ್ದು ಯಾಕೆ ಎಂದರೆ, "ನೀವು ಗಾಬರಿ ಆಗಿದ್ರಲ್ಲ ಸಾರ್, ಏನಾರ ಹೇಳ್ಬೇಕಲ್ಲ" ಎಂದ. ಅಕ್ಕನನ್ನು ಕೇಳಿದರೆ ಶಟರ್ ಪೂರ್ತಿ ಹಾಕಿರಲಿಲ್ಲ, ಮೊಣಕಾಲಿನಷ್ಟು ಎತ್ತರ ಬಿಟ್ಟಿದ್ದ ಅನ್ನುತ್ತಾಳೆ. ಅವಳಿಗೆ ಅದು ಮುಖ್ಯವೇ ಅಲ್ಲ. ಅವ್ವನಿಗೆ ಶಟರ್ ಯಾವ ಲೆಕ್ಕ ಎಂದು ನಗುತ್ತಾಳೆ. ನನಗೆ ಎಲ್ಲವೂ ಅದರ ಮೇಲೆ ನಿಂತಿದೆ. ಆ ಸದ್ದು ನನಗೆ ಕೇಳಿದ್ದು ಅಂದೇ ಇರಬಹುದು, ಅಥವಾ ನಾನು ಮತ್ತೆ ಮತ್ತೆ ಅಲ್ಲಿಗೆ ಹೋದ ದಿನಗಳಲ್ಲಿ ಯಾವಾಗಲೋ ಕೇಳಿದ್ದನ್ನು ಅಂದಿಗೆ ಸೇರಿಸಿಕೊಂಡಿರಬಹುದು. ವರ್ಷಗಳು ಹೋದಂತೆ ತಗ್ಗು ಸಣ್ಣದಾಯಿತು, ಬಿಸಿ ಮಸುಕಾಯಿತು. ಒಂದು ಹಂತದಲ್ಲಿ ಏನೂ ಆಗಿರಲಿಲ್ಲ ಎಂದು ತೀರ್ಮಾನಿಸುವ ಹತ್ತಿರ ಬಂದಿದ್ದೆ. ಅಲ್ಲಿಗೆ ಬಿಟ್ಟಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಈಚೆಗೆ ಅಕ್ಕನ ಮಗಳ ನಿಶ್ಚಯ ಆಯಿತು. ಹರಿಹರದ ಮನೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಿದ್ದರು. ಯಾರ ಬಾಯಿಂದ ಕೇಳಿದ್ದಳೋ, ಹುಡುಗನ ಅತ್ತೆಯೊಬ್ಬಳು ಅಕ್ಕನನ್ನು, "ನಿಮಗ ತೀರಿಕೊಂಡೋರು ಕಾಣಿಸ್ತಾರಂತಲ್ರೀ?" ಎಂದು ಕೇಳಿದಳು. ಮೆಲ್ಲಗೇ ಕೇಳಿದಳು, ಆದರೆ ಪಂಕ್ತಿಯಲ್ಲಿ ಎಲ್ಲರಿಗೂ ಕೇಳಿಸಿತು. ಭಾವ ಅದನ್ನು ನಗೆಯಲ್ಲಿ ತೇಲಿಸಲು ಹೋದ.

"ಕಾಣ್ಸೋದಿಲ್ರಿ, ಬರೇ ಬೆಚ್ಚಗ ಹತ್ತುತೈತಂತೆ. ನಮ್ಮ ಮೇಷ್ಟ್ರೂ ಇದ್ರು ನೋಡ್ರಿ ಅವತ್ತು, ಎಮ್ಮೆಸ್ಸಿ ಓದಿದಾರೆ. ಅವ್ರನ್ನೇ ಕೇಳ್ರಿ. ಹೇಳ್ರಿ ಮೇಷ್ಟ್ರೆ, ಇವ್ಳು ಹೇಳೋದು ಖರೇನಾ, ಇಲ್ಲ ಇವ್ಳಿಗೆ ತಲಿ ಕೆಟ್ಟಿತ್ತಾ?"

ಕೆಲವರು ನಕ್ಕರು. ಅಕ್ಕ ಬಡಿಸುತ್ತಿದ್ದ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು, ಅವಳಿಗೋಸ್ಕರ ಹೇಳಿದೆ ಎಂದುಕೊಳ್ಳಬಹುದಿತ್ತು. ಮಗಳು ಹೊಸ ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹೇಳಬೇಕಾದ ಸರಿಯಾದ ಮಾತು ನನಗೆ ಗೊತ್ತಿತ್ತು. ನೆನಪು ಖಚಿತವಿಲ್ಲ, ಸಾಕ್ಷಿಗಳು ಹೊಂದುವುದಿಲ್ಲ, ಹಾಗಾಗಿ ಏನೂ ಹೇಳಲಾಗದು. ಆ ಪಂಕ್ತಿಯಲ್ಲಿ ಹಾಗೆ ಅಂದರೆ ಅಕ್ಕನಿಗೆ ತಲೆ ಕೆಟ್ಟಿತ್ತು ಎಂದೇ ಅರ್ಥ.

"ನಾನೂ ಕೈ ಇಟ್ಟಿದ್ದೆ. ಬಿಸಿ ಇತ್ತು" ಎಂದೆ.

ಆ ಹೆಂಗಸು "ಹೌದಾ" ಎಂದು ಎಲೆಯ ಕಡೆ ತಿರುಗಿದಳು. ಅಕ್ಕನ ಸೌಟು ಮತ್ತೆ ಆಡಿತು. ನನ್ನ ಎಲೆಗೆ ಬಂದಾಗ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿ ಹೋದಳು.

ಅಂದಿನಿಂದ ತೊಂದರೆ ಶುರುವಾಗಿದೆ. ಮಸುಕಾಗಿದ್ದ ತಗ್ಗು ಈಗ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಅಂಚಿನ ಒಂದು ಕಡೆ ಸ್ವಲ್ಪ ತಗ್ಗಿತ್ತು, ಯಾರೋ ಅಲ್ಲಿಂದ ಇಳಿದು ಹೋದಂತೆ. ಇದು ಈ ಮೊದಲು ನನಗೆ ನೆನಪಿರಲಿಲ್ಲ. ಬಲಗೈಯ ಹಿಂಭಾಗದಲ್ಲಿ ಆ ಬಿಸಿ, ಬರೆಯುತ್ತಿರುವ ಈ ಹೊತ್ತಿಗೂ, ಮುಟ್ಟಿದಷ್ಟು ಸ್ಪಷ್ಟವಾಗಿದೆ. ಸಾಕ್ಷಿ ಹೇಳಿದ ಮೇಲೆ ಸಾಕ್ಷಿಯ ನೆನಪು ಗಟ್ಟಿಯಾಗುತ್ತದೆ, ಆದ್ದರಿಂದ ಅಂಥ ನೆನಪನ್ನು ನಂಬಬಾರದು ಎಂದು ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ. ನಾನು ಅಂದು ಮುಟ್ಟಿದ್ದು ನೆನಪಾಗುತ್ತಿದೆಯೋ, ಪಂಕ್ತಿಯಲ್ಲಿ ಕೂತು ಆಡಿದ ಮಾತು ನೆನಪಾಗುತ್ತಿದೆಯೋ, ಎರಡನ್ನೂ ಬೇರೆ ಮಾಡುವ ದಾರಿ ನನಗೆ ಕಾಣುತ್ತಿಲ್ಲ. ಇನ್ನೊಮ್ಮೆ ಯಾರಾದರೂ ಕೇಳಿದರೆ ಬಿಸಿ ಇತ್ತು ಎಂದೇ ಹೇಳುತ್ತೇನೆ. ಆಗ ಅದು ಇನ್ನೂ ಸ್ಪಷ್ಟವಾಗುತ್ತದೆ.